ಕೀಚಕನಿಗೊಂದು ಕಾಪಿ

ಡಿವಿಡಿ ಯಾವಾಗಲೂ ಕ್ಲೈಮ್ಯಾಕ್ಸಿನಲ್ಲೇ ಯಾಕೆ ಸಿಕ್ಕಿಕೊಳ್ಳುತ್ತದೆ ಗೊತ್ತೇ? ನಾಯಕ ಎರಡೂವರೆ ಗಂಟೆ ಕಷ್ಟಪಟ್ಟು ಖಳನಾಯಕನ ಗೋದಾಮಿಗೆ ನುಗ್ಗಿದ್ದಾನೆ, ತಾಯಿಯನ್ನು ಕಂಬಕ್ಕೆ ಕಟ್ಟಿಹಾಕಿದ್ದಾರೆ, ಇನ್ನೇನು ಹಗ್ಗ ಬಿಚ್ಚಬೇಕು, ಅಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಶುರುವಿನಲ್ಲಿ ಬರುವ, ಯಾರಿಗೂ ಬೇಡದ ಹೆಸರುಗಳ ಪಟ್ಟಿ ಮಾತ್ರ ಒಂದು ಸಲವೂ ತೊಡರಿದ್ದಿಲ್ಲ. ಇದರಲ್ಲಿ ನಮ್ಮ ಗ್ರಹಚಾರದ ಪಾಲು ಏನೂ ಇಲ್ಲ. ಡಿವಿಡಿಯಲ್ಲಿ ಮಾಹಿತಿ ಸುರುಳಿಯಾಗಿ ಕೂತಿರುತ್ತದೆ. ಸುರುಳಿ ನಡುವಿನ ತೂತಿನ ಪಕ್ಕದಿಂದ ಶುರುವಾಗಿ ಅಂಚಿನ ಕಡೆಗೆ ಬೆಳೆಯುತ್ತದೆ. ನಾವು ತಟ್ಟೆ ಹಿಡಿಯುವುದು ಅಂಚಿನಲ್ಲಿ. ಹಪ್ಪಳದ ಎಣ್ಣೆ, ಮೊಮ್ಮಕ್ಕಳ ಉಗುರು, ಮೇಜಿನ ಧೂಳು ಎಲ್ಲವೂ ಮೊದಲು ತಾಗುವುದು ಕಥೆಯ ಕೊನೆಗೇ. ಎರಡು ಪದರದ ಡಿವಿಡಿಯಾದರೆ ಸುರುಳಿ ಅಂಚಿನವರೆಗೆ ಬಂದು, ಇನ್ನೊಂದು ಪದರಕ್ಕೆ ದಾಟಿ, ತಿರುಗಿ ನಡುವಿಗೆ ಹೋಗುತ್ತದೆ. ಆಗ ಪೆಟ್ಟು ಬೀಳುವುದು ಇಂಟರ್ವಲ್ಲಿನ ಆಸುಪಾಸಿಗೆ.

ಈ ಜ್ಞಾನವೆಲ್ಲ ನನ್ನ ಷಡ್ಡಕರಿಂದ ಬಂದದ್ದು. ಹೆಂಡತಿಯ ಅಕ್ಕನ ಗಂಡ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರು ನನ್ನನ್ನು ಮಾರಾಯ ಎನ್ನುತ್ತಾರೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾಗಿ ಸಾಗರದ ಹತ್ತಿರದ ಊರಮನೆಗೆ ವಾಪಸಾದವರು. ಜೀವಮಾನವಿಡೀ ಊರಿನವರಿಂದ ಮೂರು ಮೂರು ಪ್ರತಿಗಳಲ್ಲಿ ಅರ್ಜಿ ಬರೆಸಿಕೊಂಡವರಿಗೆ ಒಂದೇ ಪ್ರತಿ ಇರುವ ವಸ್ತು ಕಂಡರೆ ನಿದ್ದೆ ಹತ್ತುವುದಿಲ್ಲ. ರೇಷನ್ ಕಾರ್ಡಿಗೆ ಜೆರಾಕ್ಸು, ಆ ಜೆರಾಕ್ಸು ಮಾಸಿದರೆ ಎಂದು ಇನ್ನೊಂದು ಜೆರಾಕ್ಸು, ಎರಡೂ ಎಲ್ಲಿವೆ ಎಂದು ಬರೆದಿಟ್ಟ ಚೀಟಿ, ಆ ಚೀಟಿಗೂ ಒಂದು ಜೆರಾಕ್ಸು. ಅಂಥವರ ಕೈಗೆ ಡಿವಿಡಿ ಬರೆಯುವ ಕಂಪ್ಯೂಟರು ಸಿಕ್ಕಿದ್ದು ವಿಧಿಯ ಆಟವೇ ಸರಿ.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಮಲೆನಾಡಿನಲ್ಲಿ ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿಗೆ ಬಿಟ್ಟರೆ ಪುಣ್ಯ. ಬೆಲ್ಟಿಗೆ ಬೂಷ್ಟು, ಕನ್ನಡಕದ ಡಬ್ಬಿಗೆ ಬೂಷ್ಟು, ದೇವರ ಪಟದ ಗಾಜಿನ ಒಳಗೂ ಬೂಷ್ಟು. ಡಿವಿಡಿ ಅಂದರೆ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟು ಹಾಕಿ ಕೂಡಿಸಿದ್ದು, ನಡುವೆ ಕನ್ನಡಿಯ ಕೆಲಸಕ್ಕೆ ತೆಳ್ಳಗಿನ ಅಲ್ಯುಮಿನಿಯಂ. ಮಲೆನಾಡಿನ ತೇವದ ಮುಂದೆ ಅದು ಯಾವ ಲೆಕ್ಕ. ಭಾವನ ಬೀರುವಿನಲ್ಲಿ ರಾಜ್‌ಕುಮಾರ್ ಸಿನಿಮಾಗಳಿದ್ದವು, ಒಂದೇ ತಟ್ಟೆಗೆ ಮೂರು ಸಿನಿಮಾ ತುರುಕಿದ ಬಸ್‌ಸ್ಟ್ಯಾಂಡ್ ಡಿವಿಡಿಗಳಿದ್ದವು, ಮಗಳ ಮದುವೆಯದಿತ್ತು, ಮತ್ತು ಎಲ್ಲಕ್ಕಿಂತ ಮೇಲಿನ ಅರೆಯಲ್ಲಿ ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ. ಚಿಟ್ಟಾಣಿಯವರು 2017ರಲ್ಲಿ ತೀರಿಕೊಂಡ ಮೇಲೆ ಆ ತಟ್ಟೆಗೆ ದಿನವೂ ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ. ಅದಕ್ಕೆ ಗೀರು ಬಿದ್ದರೆ ಇನ್ನೊಮ್ಮೆ ಕುಣಿಸಲು ಯಾರನ್ನು ಕರೆಯುವುದು?

ಹೀಗಾಗಿ ಕಾಪಿ. ಆದರೆ ಕಾಪಿ ಎಂದರೆ ಸುಮ್ಮನೆ ಅಲ್ಲ. ಅಚ್ಚಿನ ಡಿವಿಡಿಯಲ್ಲಿ ಎರಡು ಪದರ ಸೇರಿ 8.5 ಜಿಬಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಖಾಲಿ ತಟ್ಟೆಯಲ್ಲಿ ಒಂದೇ ಪದರ, 4.7 ಜಿಬಿ. ಅದನ್ನೂ ಕಂಪ್ಯೂಟರಿಗೆ ಹಾಕಿದರೆ 4.37 ಎಂದು ತೋರಿಸುತ್ತದೆ. ಭಾವ ಮೊದಲ ಸಲ ಇದನ್ನು ಕಂಡು ಅಂಗಡಿಯವನ ಮೇಲೆ ಕೇಸು ಹಾಕಲು ಹೊರಟಿದ್ದರು. ತಟ್ಟೆ ಮಾಡಿದವರು ಸಾವಿರಕ್ಕೆ ಸಾವಿರ ಎಂದೇ ಎಣಿಸುತ್ತಾರೆ, ಕಂಪ್ಯೂಟರು 1024ನ್ನು ಸಾವಿರ ಎನ್ನುತ್ತದೆ. ಹಿಂದೆ ಅಡಿಕೆ ಮಂಡಿಯವನ ತೂಕ ಬೇರೆ, ಮನೆಯ ತಕ್ಕಡಿಯ ತೂಕ ಬೇರೆ ಇರುತ್ತಿತ್ತಲ್ಲ, ಅಷ್ಟೇ. ಯಾರೂ ಕದ್ದಿಲ್ಲ, ಆದರೂ ಕಡಿಮೆ ಬಂತು.

ಈಗ ಎಂಟೂವರೆಯನ್ನು ನಾಲ್ಕೂ ಚಿಲ್ಲರೆಗೆ ತುಂಬಬೇಕು. ಅದಕ್ಕೆ ಡಿವಿಡಿ ಶ್ರಿಂಕ್ ಎಂಬ ತಂತ್ರಾಂಶವಿತ್ತು, ಪುಕ್ಕಟೆ. ಮೆನು ಕಿತ್ತು ಹಾಕು, ಜಾಹೀರಾತು ಕಿತ್ತು ಹಾಕು, ಉಳಿದದ್ದನ್ನು ಹಿಂಡು. ವಿರಾಟಪರ್ವದಲ್ಲಿ ಭೀಮ ಕೀಚಕನ ಕೈಕಾಲು ತಲೆಗಳನ್ನೆಲ್ಲ ಮುಂಡದೊಳಕ್ಕೆ ತುರುಕಿ ಮಾಂಸದ ಮುದ್ದೆ ಮಾಡಿಟ್ಟನಂತೆ. ಭೀಮನಿಗೆ ಅದಕ್ಕೆ ಒಂದು ರಾತ್ರಿಯ ಸ್ವಲ್ಪ ಹೊತ್ತು ಸಾಕಾಯಿತು. ನಮ್ಮ ಭಾವನ ಪೆಂಟಿಯಂ ಕಂಪ್ಯೂಟರಿಗೆ ಇಡೀ ರಾತ್ರಿ ಹಿಡಿಯಿತು. ಬೆಳಗ್ಗೆ ನೋಡಿದರೆ ಕೀಚಕ ಇದ್ದ, ನಿಜ. ಕುಣಿದಾಗ ಮಾತ್ರ ಕಿರೀಟ ಒಂದು ಕ್ಷಣ ತಡವಾಗಿ ಹಿಂದೆ ಬರುತ್ತಿತ್ತು. “ನಡೀತದೆ ಮಾರಾಯ, ಚಂಡೆ ಸರಿಯಾಗಿ ಕೇಳ್ತದಲ್ಲ,” ಎಂದರು ಭಾವ.

ತಟ್ಟೆ ಬರೆಯುವ ಹೊತ್ತು ಅವರ ಮನೆಯಲ್ಲಿ ಮಡಿ. ಡಿವಿಡಿ ಬರೆಯುವ ಮೂಲ ವೇಗಕ್ಕೆ 1ಎಕ್ಸ್ ಎನ್ನುತ್ತಾರೆ. ಆ ವೇಗದಲ್ಲಿ ಪೂರ್ತಿ ತಟ್ಟೆಗೆ ಹತ್ತಿರ ಹತ್ತಿರ ಒಂದು ಗಂಟೆ. 16ಎಕ್ಸ್ ಯಂತ್ರ ಆರೇಳು ನಿಮಿಷದಲ್ಲಿ ಮುಗಿಸುತ್ತದೆ. ಭಾವನ ಯಂತ್ರ 16ರದ್ದೇ, ಆದರೆ ಅವರು ಬರೆಯುವುದು 4ರಲ್ಲಿ. ಅವಸರದಲ್ಲಿ ಬರೆದ ಅಕ್ಷರ ನಿಲ್ಲುವುದಿಲ್ಲ ಎಂಬುದು ಅವರ ಸಿದ್ಧಾಂತ. ಅಷ್ಟು ಹೊತ್ತು ಮಿಕ್ಸಿ ಹಾಕುವ ಹಾಗಿಲ್ಲ, ಪಂಪ್‌ಸೆಟ್ ಚಾಲೂ ಮಾಡುವ ಹಾಗಿಲ್ಲ, ಮೇಜಿನ ಹತ್ತಿರ ಜೋರಾಗಿ ನಡೆಯುವ ಹಾಗಿಲ್ಲ. ಅತ್ತಿಗೆ ದೋಸೆಗೆ ಅಕ್ಕಿ ನೆನೆಹಾಕುವ ಮೊದಲು “ಇವತ್ತು ನಿಮ್ಮ ಕಾಪಿ ಉಂಟಾ?” ಎಂದು ಕೇಳುತ್ತಿದ್ದರು. ಇಷ್ಟಾದರೂ ನಮ್ಮ ಕಡೆಯ ಕರೆಂಟು ಯಾರ ಮಾತನ್ನೂ ಕೇಳುವಂಥದ್ದಲ್ಲ. ಅರ್ಧಕ್ಕೆ ಕೆಟ್ಟ ತಟ್ಟೆಗಳನ್ನೆಲ್ಲ ಅವರು ಬಾಳೆತೋಟದಲ್ಲಿ ದಾರ ಕಟ್ಟಿ ತೂಗುಹಾಕಿದರು, ಹೊಳೆಯುವುದನ್ನು ಕಂಡು ಮಂಗ ಹೆದರಲಿ ಎಂದು. ಮೊದಲ ವಾರ ಹೆದರಿದವು. ಆಮೇಲೆ ಮುಖ ನೋಡಿಕೊಳ್ಳಲು ಉಪಯೋಗಿಸಿದವು.

ಇಷ್ಟೆಲ್ಲ ಮಾಡಿದ ಮನುಷ್ಯ ಸಿನಿಮಾ ನೋಡುತ್ತಾರೆಯೇ? ಕೇಳಲೇಬೇಡಿ. ಕಾಪಿ ಸರಿ ಬಂದಿದೆಯೇ ಎಂದು ಪರೀಕ್ಷಿಸಲು ಮೊದಲಿನ ಐದು ನಿಮಿಷ, ನಡುವಿನ ಐದು ನಿಮಿಷ, ಕೊನೆಯ ಐದು ನಿಮಿಷ ನೋಡುತ್ತಾರೆ. ಬ್ಯಾಂಕಿನ ಆಡಿಟ್ ಪದ್ಧತಿ. “ಬಂಗಾರದ ಮನುಷ್ಯ”ದ ಕಥೆ ಹೇಳಿ ಎಂದರೆ, “ರಾಜೀವ ಊರಿಗೆ ಬರ್ತಾನೆ, ಮಧ್ಯ ಬೇಸಾಯ ಚೆನ್ನಾಗಿ ಉಂಟು, ಕೊನೆಗೆ ಊರು ಬಿಟ್ಟು ಹೋಗ್ತಾನೆ,” ಎನ್ನುತ್ತಾರೆ. 1972ರಿಂದ ಜನ ಅತ್ತು ಅತ್ತು ನೋಡಿದ ಸಿನಿಮಾ ಇವರಿಗೆ ಹದಿನೈದು ನಿಮಿಷದ ತಪಾಸಣಾ ವರದಿ.

ಅತ್ತಿಗೆಯ ಲೆಕ್ಕ ಬೇರೆ. 2007ರ ಸುಮಾರಿಗೆ ಮೋಸರ್ ಬೇಯರ್ ಕಂಪನಿ ಸಿನಿಮಾ ಡಿವಿಡಿಯನ್ನು 34 ರೂಪಾಯಿಗೆ, ವಿಸಿಡಿಯನ್ನು 28 ರೂಪಾಯಿಗೆ ಮಾರಲು ಶುರುಮಾಡಿತಲ್ಲ, ಆಗ ಅವರು ಸರಳವಾಗಿ ಕೇಳಿದರು: “ಎರಡು ತಂದರೆ ಆಗದಾ? ಖಾಲಿ ತಟ್ಟೆ ದುಡ್ಡು, ಕರೆಂಟು ದುಡ್ಡು, ನಾನು ದೋಸೆ ಮಾಡದೆ ಹೋಟೆಲಿನಿಂದ ತರಿಸಿದ್ದು, ಎಲ್ಲ ಸೇರಿದರೆ ಮೂರು ಬರುತ್ತಿತ್ತು.” ತಮಾಷೆಯೆಂದರೆ ಖಾಲಿ ತಟ್ಟೆ ಮಾಡುತ್ತಿದ್ದವರೂ ಅದೇ ಮೋಸರ್ ಬೇಯರ್‌ನವರು. ಸಿನಿಮಾ ಮಾರಿದವರೂ ಅವರೇ, ಅದನ್ನು ನಕಲು ಮಾಡಿಕೊಳ್ಳಲು ಬಿಲ್ಲೆ ಒದಗಿಸಿದವರೂ ಅವರೇ. ವ್ಯಾಪಾರ ಅಂದರೆ ಹೀಗಿರಬೇಕು. ಆದರೂ ಉಳಿಯಲಿಲ್ಲ, 2018ರಲ್ಲಿ ಕಂಪನಿಯನ್ನು ಬರಖಾಸ್ತು ಮಾಡಲು ಆದೇಶವಾಯಿತು. ಭಾವ ಪತ್ರಿಕೆ ಮಡಚಿಟ್ಟು, “ಬ್ಯಾಕಪ್ ಇರಲಿಲ್ಲ, ಪಾಪ,” ಎಂದರು.

ಇನ್ನು ಬೀಗದ ಕಥೆ. ವಿದೇಶದ ಸಿನಿಮಾ ತಟ್ಟೆಗಳಿಗೆ ಸಿಎಸ್‌ಎಸ್ ಎಂಬ ಗುಪ್ತಲಿಪಿಯ ಬೀಗ ಇರುತ್ತದೆ. ಬೀಗ ಅಂದರೆ ಏನು ದೊಡ್ಡದಲ್ಲ, 40 ಬಿಟ್‌ನ ಕೀಲಿ. 1999ರಲ್ಲಿ ನಾರ್ವೆಯ ಹದಿನೈದು ವರ್ಷದ ಹುಡುಗ ಯೋನ್ ಲೆಕ್ ಯೊಹಾನ್ಸನ್, ಹೆಸರು ಹೇಳದ ಇನ್ನಿಬ್ಬರ ಜೊತೆ ಸೇರಿ ಅದನ್ನು ತೆಗೆಯುವ ಡಿಸಿಎಸ್‌ಎಸ್ ಎಂಬ ತಂತ್ರಾಂಶ ಹೊರಬಿಟ್ಟ. ಲಿನಕ್ಸ್ ಕಂಪ್ಯೂಟರಿನಲ್ಲಿ ಡಿವಿಡಿ ನೋಡಲು ದಾರಿ ಇರಲಿಲ್ಲ ಎಂಬುದು ಅವನ ತಕರಾರು. ಮುಂದಿನ ಜನವರಿಯಲ್ಲಿ ಪೊಲೀಸರು ಮನೆಗೆ ಬಂದು ಕಂಪ್ಯೂಟರು ಹೊತ್ತುಕೊಂಡು ಹೋದರು. ಕೇಸು ನಡೆದು 2003ರ ಜನವರಿಯಲ್ಲಿ ಖುಲಾಸೆ, ಮೇಲ್ಮನವಿಯಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಖುಲಾಸೆ. ದುಡ್ಡು ಕೊಟ್ಟು ತಂದ ಸಿನಿಮಾವನ್ನು ನೋಡಲು ತಾನೇ ಬೀಗ ತೆಗೆದರೆ ಅಪರಾಧವಾಗದು ಎಂದಿತು ನ್ಯಾಯಾಲಯ. ಹುಡುಗನ ಹೆಸರು ಡಿವಿಡಿ ಯೋನ್ ಎಂದೇ ಆಯಿತು. ಭಾವನಿಗೆ ಈ ಪ್ರಸಂಗ ಬಾಯಿಪಾಠ.

ಅಮೆರಿಕದಲ್ಲಿ ಆ ತಂತ್ರಾಂಶ ಹಂಚಬಾರದು ಎಂದು ಕೋರ್ಟುಗಳು ಹೇಳಿದಾಗ ಅಲ್ಲಿಯ ಕಿಡಿಗೇಡಿ ವಿದ್ವಾಂಸರು ಮಾಡಿದ್ದು ಇನ್ನೂ ಚೆಂದ. ಒಬ್ಬ ಅದನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿದ, ಇನ್ನೊಬ್ಬ ಆ ಕೋಡು ಅಡಗಿರುವ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕಿದ, ಸೇತ್ ಶೋನ್ ಎಂಬಾತ ಇಡೀ ಕೋಡನ್ನು ಹಾಯ್ಕು ಪದ್ಯಗಳ ಮಾಲೆಯಾಗಿ ಬರೆದ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಟುರೆಟ್ಸ್ಕಿ ಇಂಥವನ್ನೆಲ್ಲ ಒಟ್ಟುಹಾಕಿ ಪ್ರದರ್ಶನಕ್ಕೇ ಇಟ್ಟರು. ಪದ್ಯವನ್ನು ಹೇಗೆ ಜಪ್ತಿ ಮಾಡುತ್ತೀರಿ ನೋಡೋಣ ಎಂಬ ಸವಾಲು. ಇದನ್ನು ಕೇಳಿದ ಭಾವನಿಗೆ ಒಂದೇ ಕೊರಗು: “ಭಾಮಿನಿ ಷಟ್ಪದಿಯಲ್ಲಿ ಬರೆದಿದ್ದರೆ ಭಾಗವತರ ಹತ್ತಿರ ಹಾಡಿಸಬಹುದಿತ್ತು.”

ಅಮೆರಿಕದಲ್ಲಿರುವ ಭಾವನ ಮಗ ಕಳಿಸಿದ ತಟ್ಟೆಗಳದ್ದು ಬೇರೆಯೇ ರಗಳೆ. ಡಿವಿಡಿ ಕಂಪನಿಗಳು ಭೂಮಂಡಲವನ್ನು ಹಂಚಿಕೊಂಡಿವೆ: ಅಮೆರಿಕ 1ನೇ ವಲಯ, ಯುರೋಪು ಜಪಾನು 2, ನಾವು ಆಫ್ರಿಕ ರಷ್ಯಗಳ ಜೊತೆ 5. ಅಲ್ಲಿಯ ತಟ್ಟೆ ಇಲ್ಲಿಯ ಯಂತ್ರದಲ್ಲಿ ಆಡದು. ಕಂಪ್ಯೂಟರಿನ ಡ್ರೈವಿನಲ್ಲಿ ವಲಯ ಬದಲಾಯಿಸಬಹುದು, ಆದರೆ ಒಟ್ಟು ಐದೇ ಸಲ. ಆಮೇಲೆ ಕೊನೆಯ ವಲಯವೇ ಶಾಶ್ವತ. ಭಾವ ಐದು ವರಗಳನ್ನು ಜೋಪಾನವಾಗಿ ಖರ್ಚು ಮಾಡುತ್ತ ಬಂದರು. ಕೊನೆಯದು ಮೊಮ್ಮಗನ ಕಾರ್ಟೂನಿಗೆ ಹೋಗಿ, ಡ್ರೈವು 1ರಲ್ಲಿ ಖಾಯಂ ನಿಂತಿತು. ಮಗ ವರ್ಷಗಟ್ಟಲೆ ಕಾಯುತ್ತಿದ್ದ ಗ್ರೀನ್ ಕಾರ್ಡು ಸಾಗರದಲ್ಲಿ ಕೂತ ಡ್ರೈವಿಗೆ ಸಿಕ್ಕಿತು. ಪುಣ್ಯಕ್ಕೆ ನಮ್ಮ ಕಡೆಯ ಸಿನಿಮಾ ತಟ್ಟೆಗಳಲ್ಲಿ ಬಹುಪಾಲು ಎಲ್ಲ ವಲಯಕ್ಕೂ ಒಗ್ಗುವಂಥವು. ಅವಕ್ಕೆ ಯಾರ ವೀಸಾ ಬೇಡ.

ಒಂದು ದಿನ ಅವರನ್ನು ಸ್ವಲ್ಪ ಹೆದರಿಸೋಣ ಎನಿಸಿತು. “ಭಾವ, ನಮ್ಮ ರಾಜ್ಯದಲ್ಲಿ 1985ರ ಗೂಂಡಾ ಕಾಯ್ದೆ ಇದೆಯಲ್ಲ, ಅದರ ಪೂರ್ತಿ ಹೆಸರು ಗೊತ್ತಾ? ಕಳ್ಳಬಟ್ಟಿಯವರು, ಮಾದಕ ವಸ್ತುವಿನವರು, ಜೂಜುಕೋರರು, ಗೂಂಡಾಗಳು ಅಂತ ಸಾಲಾಗಿ ಹೆಸರಿಸಿ ಕಟ್ಟಕಡೆಗೆ ವಿಡಿಯೋ ಆಡಿಯೋ ಪೈರಸಿ ಮಾಡುವವರನ್ನೂ ಸೇರಿಸಿದ್ದಾರೆ,” ಎಂದೆ. ಮುಖ ಬಿಳಿಚಿತು. ಬ್ಯಾಂಕಿನಲ್ಲಿದ್ದಾಗ ಒಂದು ಮೆಮೋ ಸಹ ಪಡೆಯದ ಮನುಷ್ಯ. ಎರಡು ದಿನ ಕಂಪ್ಯೂಟರಿಗೆ ಪಂಚೆ ಹೊದಿಸಿಟ್ಟರು.

ಮೂರನೆಯ ದಿನ ಅವರೇ ಫೋನು ಮಾಡಿದರು. ಕಾನೂನು ಪುಸ್ತಕ ತರಿಸಿ ಓದಿಬಿಟ್ಟಿದ್ದರು! “ಮಾರಾಯ, ಅದು ಮಾರುವವರಿಗೆ. ನಾನು ಒಂದು ತಟ್ಟೆಯಾದರೂ ಯಾರಿಗಾದರೂ ಕೊಟ್ಟದ್ದು ನೋಡಿದ್ದೀಯಾ? 1957ರ ಕೃತಿಸ್ವಾಮ್ಯ ಕಾಯ್ದೆ, 52ನೇ ಕಲಂ ನೋಡು. ಸ್ವಂತ ಉಪಯೋಗಕ್ಕೆ ನ್ಯಾಯವಾಗಿ ಬಳಸಿದರೆ ಉಲ್ಲಂಘನೆ ಅಲ್ಲ. 2012ರಲ್ಲಿ 65ಎ ಅಂತ ಸೇರಿಸಿದ್ದಾರೆ, ಬೀಗ ಒಡೆದರೆ ಎರಡು ವರ್ಷದ ತನಕ ಜೈಲು. ಆದರೆ ಹಕ್ಕು ಕಸಿಯುವ ಉದ್ದೇಶ ಇದ್ದರೆ ಮಾತ್ರ. ನನ್ನ ಉದ್ದೇಶ ಬೂಷ್ಟಿನಿಂದ ಕಾಪಾಡುವುದು.” ಕಂಪ್ಯೂಟರ್ ತಂತ್ರಾಂಶಕ್ಕೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು ಎಂದು ಅದೇ ಕಲಮಿನಲ್ಲಿ ಬಾಯಿಬಿಟ್ಟು ಹೇಳಿದ್ದಾರೆ, ಸಿನಿಮಾಕ್ಕೆ ಹಾಗೆ ಹೇಳಿಲ್ಲವಲ್ಲ ಎಂದು ನಾನು ಕೊಂಕು ತೆಗೆದೆ. ಅವರ ಬತ್ತಳಿಕೆಯಲ್ಲಿ ಬ್ರಹ್ಮಾಸ್ತ್ರ ಇತ್ತು. “ಯಾವ ಡಿವಿಡಿಯನ್ನಾದರೂ ಕಂಪ್ಯೂಟರಿಗೆ ಹಾಕಿ ಒಳಗೆ ನೋಡು. ಐಎಫ್‌ಒ ಅಂತ ಫೈಲಿರ್ತದೆ, ಯಾವ ದೃಶ್ಯ ಎಲ್ಲಿ ಉಂಟು ಅನ್ನುವ ಲೆಕ್ಕದ್ದು. ಅದರ ಪಕ್ಕ ಬಿಯುಪಿ ಅಂತ ಇನ್ನೊಂದು. ಅದೇನು? ಐಎಫ್‌ಒದ ಬ್ಯಾಕಪ್! ತಟ್ಟೆ ಮಾಡಿದವರೇ ತಟ್ಟೆ ಹಾಳಾಗ್ತದೆ ಅಂತ ನಂಬಿ ಅದರೊಳಗೇ ಕಾಪಿ ಇಟ್ಟಿದ್ದಾರೆ. ನಾನು ಬೀರುವಿನಲ್ಲಿ ಇಟ್ಟರೆ ತಪ್ಪಾ?” ನನಗೆ ಬಾಯಿ ಬರಲಿಲ್ಲ.

ಆದರೆ ಆ ಬೀರುವೇ ತೊಂದರೆ. ಅಸಲು ಮೇಲಿನ ಅರೆಯಲ್ಲಿ, ಕಾಪಿ ಕೆಳಗಿನ ಅರೆಯಲ್ಲಿ. ಮಳೆಗಾಲಕ್ಕೆ ಅಸಲು ನಕಲು ಎಂಬ ಭೇದ ಇಲ್ಲ. ಅದರ ಮೇಲೆ ಮನೆಯಲ್ಲಿ ಬರೆದ ತಟ್ಟೆ ಅಸಲಿಗಿಂತ ನಾಜೂಕು: ಅಚ್ಚಿನದರಲ್ಲಿ ಗುಳಿಗಳನ್ನು ಒತ್ತಿ ಮೂಡಿಸಿರುತ್ತಾರೆ, ಬರೆದದ್ದರಲ್ಲಿ ಬರಿಯ ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಗುರುತು ಮಾಡಿರುತ್ತದೆ, ಬೆಳಕು, ಸೆಕೆ, ತೇವಕ್ಕೆ ಆ ಬಣ್ಣ ಕೆಡುತ್ತದೆ. ಕಾವಲಿಗೆ ಇಟ್ಟವನೇ ಮೊದಲು ಮಲಗುವುದು. ಒಂದು ಮಳೆಗಾಲ ಮುಗಿದು ಬೀರು ತೆರೆದರೆ ಎರಡೂ ಅರೆಗಳಲ್ಲಿ ಸಮನಾಗಿ ಬೂದುಬಣ್ಣದ ಚಿತ್ತಾರ. ಅತ್ತಿಗೆ ಸೆರಗಿನಿಂದ ಗಸಗಸ ಉಜ್ಜಲು ಹೊರಟರು, ಸ್ಟೀಲ್ ತಟ್ಟೆ ಒರೆಸುವ ಅಭ್ಯಾಸದಲ್ಲಿ ಗುಂಡಗೆ. ಭಾವ ಕೂಗಿಕೊಂಡರು. ಡಿವಿಡಿಯನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಗುಂಡಗೆ ಉಜ್ಜಿದ ಗೀರು ಸುರುಳಿಯ ಜೊತೆಗೇ ಹೋಗಿ ಒಂದಿಡೀ ದೃಶ್ಯವನ್ನು ನುಂಗುತ್ತದೆ.

ಆ ಗಡಿಬಿಡಿಯಲ್ಲಿ ತಟ್ಟೆಗಳೂ ಕವರುಗಳೂ ಅದಲುಬದಲಾದವು. ದೀಪಾವಳಿಗೆ ಮಗಳು ಅಳಿಯ ಬಂದಿದ್ದರು. ಊಟವಾದ ಮೇಲೆ ಎಲ್ಲರೂ ಕವಳ ಹಾಕಿಕೊಂಡು ಟಿವಿಯ ಮುಂದೆ ಕೂತೆವು. ಭಾವ “ಕೀಚಕ ವಧೆ, ಎರಡನೇ ಪ್ರತಿ” ಎಂದು ಬರೆದ ಕವರು ಹುಡುಕಿ ತಟ್ಟೆ ಹಾಕಿದರು. ವಾಲಗ ಮೊಳಗಿತು. ಪೇಟ ತೊಟ್ಟು, ಬಾಸಿಂಗ ಕಟ್ಟಿಕೊಂಡು, ಛತ್ರಿಯ ಕೆಳಗೆ ಗಂಭೀರವಾಗಿ ನಡೆದು ಬಂದವರು ಅಳಿಯಂದಿರು. ಯಾರೂ ಮಾತಾಡಲಿಲ್ಲ. ಅಳಿಯಂದಿರೇ ದೊಡ್ಡ ಮನಸ್ಸು ಮಾಡಿ, “ವಧೆ ಮುಂದೆ ಬರ್ತದೆ ಇರಬೇಕು,” ಎಂದರು.

ಅವತ್ತು ನಾನು ಅತ್ತಿಮಬ್ಬೆಯ ಮಾತು ತೆಗೆದೆ. ಸಾವಿರ ವರ್ಷದ ಹಿಂದೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ದಾನಚಿಂತಾಮಣಿ. “ನೋಡಿ ಭಾವ, ಆ ತಾಯಿ ಸಾವಿರ ಪ್ರತಿಯನ್ನೂ ತನ್ನ ಮನೆಯ ಪೆಟ್ಟಿಗೆಯಲ್ಲೇ ಇಟ್ಟಿದ್ದರೆ ಗೆದ್ದಲಿಗೆ ಒಂದೇ ಕಡೆ ಊಟವಾಗುತ್ತಿತ್ತು. ಪ್ರತಿ ಉಳಿಯಬೇಕಾದರೆ ಮನೆ ಬಿಡಬೇಕು.”

“ಆಕೆಗೆ ಕಾಪಿರೈಟ್ ಕಾಯ್ದೆ ಇರಲಿಲ್ಲ ಮಾರಾಯ. ನನ್ನ ಕಾಪಿ ಹೊಸಿಲು ದಾಟಿದರೆ ನಾನು ನೀನು ಹೇಳಿದ ಆ ಪಟ್ಟಿಗೆ ಸೇರ್ತೇನೆ.”

ಸಮಸ್ಯೆ ನಿಜವಾದದ್ದೇ. ಮನೆಯೊಳಗೇ ಇದ್ದರೆ ಸಭ್ಯ, ಆದರೆ ಸಾಯುತ್ತದೆ; ಹೊರಗೆ ಹೋದರೆ ಉಳಿಯುತ್ತದೆ, ಆದರೆ ಪೊಲೀಸು. ಕಾನೂನು ಬರೆದವರು ಸಾಗರದಲ್ಲಿ ಒಂದು ಮಳೆಗಾಲ ಕಳೆದಿಲ್ಲ.

ಭಾವ ಸೋಲುವ ಪೈಕಿ ಅಲ್ಲ. ತಟ್ಟೆಗಳನ್ನೆಲ್ಲ ಹಿಂಡದೆ, ಕತ್ತರಿಸದೆ, ಇದ್ದದ್ದು ಇದ್ದ ಹಾಗೆ ಹಾರ್ಡ್ ಡಿಸ್ಕಿಗೆ ಏರಿಸಿದರು. ಒಂದು ಟೆರಾಬೈಟಿನ ಡಬ್ಬಿಯಲ್ಲಿ ಎರಡು ಪದರದ ತಟ್ಟೆಗಳು ನೂರಕ್ಕೂ ಹೆಚ್ಚು ಹಿಡಿಯುತ್ತವೆ. ಕೀಚಕನ ಕಿರೀಟ ಮತ್ತೆ ತಲೆಯ ಮೇಲೇ ಕೂತಿತು. ಅಂಥವು ಎರಡು ಮಾಡಿದರು. ಹೋದ ಬೇಸಿಗೆಯಲ್ಲಿ ಬೆಂಗಳೂರಿಗೆ ಬಂದವರು ಕೈಚೀಲದಿಂದ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಿಟ್ಟು, ಕೊನೆಗೆ ಕಂದು ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ನನ್ನ ಕೈಗಿತ್ತರು. ನಾಲ್ಕೂ ಕಡೆ ಅರಗು, ಜೋಡಣೆಯ ಮೇಲೆ ಅಡ್ಡಡ್ಡ ರುಜು, ತಾರೀಖು. ಒಳಗೆ ಹಾರ್ಡ್ ಡಿಸ್ಕು.

“ಇದು ನಿನಗೆ ಕೊಟ್ಟದ್ದಲ್ಲ, ತಿಳೀತಾ? ನನ್ನದೇ. ನಿನ್ನ ಮನೆ ನನಗೆ ಲಾಕರು. ನೀನು ಇಟ್ಟುಕೊಂಡರೆ ಬ್ಯಾಕಪ್, ತೆರೆದು ನೋಡಿದರೆ ಪೈರಸಿ.”

ಸಾವಿರ ಪುಟದ ಕಾಯ್ದೆ ಬಿಡಿಸದ ಗಂಟನ್ನು ಹೀಗೆ ಅರಗು ಹಾಕಿ ಬಿಡಿಸಿದ ಮೇಲೆ ನಾನೇನು ಹೇಳಲಿ. ಹೆಂಡತಿ ಅದನ್ನು ಕಪಾಟಿನಲ್ಲಿ ಪಟ್ಟೆಸೀರೆಯ ಪಕ್ಕ ಇಟ್ಟಿದ್ದಾಳೆ. ಭಾವ ವಾರಕ್ಕೊಮ್ಮೆ ಫೋನು ಮಾಡುತ್ತಾರೆ; ಮೊದಲು ಅರಗು ಬಿಟ್ಟಿಲ್ಲವಷ್ಟೇ ಎಂದು ಕೇಳಿ, ಆಮೇಲೆ ನಮ್ಮ ಆರೋಗ್ಯ ವಿಚಾರಿಸುತ್ತಾರೆ. ಅತ್ತಿಗೆ ಈಗ ಬೇಕಾದ ಪ್ರಸಂಗವನ್ನೆಲ್ಲ ಮೊಬೈಲಿನಲ್ಲಿ ಯೂಟ್ಯೂಬ್ ಹಾಕಿಕೊಂಡು, ಪಕ್ಕದಲ್ಲಿ ಮಿಕ್ಸಿ ಓಡಿಸುತ್ತ ನೋಡುತ್ತಾರಂತೆ.

ಮೊನ್ನೆ ಫೋನಿನಲ್ಲಿ ಭಾವನ ಧ್ವನಿ ಸ್ವಲ್ಪ ಸಣ್ಣಗಿತ್ತು. ಬೆಂಗಳೂರಿನಲ್ಲಿ ಮನೆಗಳ್ಳರು ಹೆಚ್ಚಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದರಂತೆ. “ಮೂರನೆಯದು ಒಂದು ಮಾಡಿದ್ದೇನೆ. ಮೈಸೂರು, ಹುಬ್ಬಳ್ಳಿ ಕಡೆ ಯಾರಾದರೂ ನಂಬಿಕಸ್ಥರು ಇದ್ದರೆ ಹೇಳು ಮಾರಾಯ. ಯಕ್ಷಗಾನದ ಹುಚ್ಚು ಇರಬಾರದು, ಸಿನಿಮಾ ನೋಡುವ ಚಟ ಅಂತೂ ಇರಲೇಬಾರದು.”